ಉಳ್ಳಾಲದಿಂದ ಗೇರುಸೊಪ್ಪೆಯವರೆಗೆ: ಒಂದೇ ಕರಾವಳಿಯಲ್ಲಿ ಇಷ್ಟೊಂದು ರಾಣಿಯರು ಪಟ್ಟವೇರಿದ್ದು ಹೇಗೆ?

ನೇತ್ರಾವತಿ ದಡ

ಪ್ರಸಿದ್ಧ ರಾಣಿಯರ ಮಾತು ಬಂದಾಗಲೆಲ್ಲ ಅವರು ಯಾರೊಡನೆ ಕಾದಿದರು, ಯಾರನ್ನು ಹಿಮ್ಮೆಟ್ಟಿಸಿದರು ಎಂಬಲ್ಲಿಗೆ ನಮ್ಮ ಚರ್ಚೆ ನಿಂತುಬಿಡುತ್ತದೆ. ಅವರು ಪಟ್ಟಕ್ಕೆ ಬಂದದ್ದು ಯಾವ ಹಕ್ಕಿನಿಂದ ಎಂದು ಕೇಳುವವರು ವಿರಳ. ಈ ಚರ್ಚೆಯನ್ನು ಆ ಒಂದು ಪ್ರಶ್ನೆಗೇ ಮೀಸಲಿಡಬೇಕೆಂದು ಎಲ್ಲರಲ್ಲಿ ವಿನಂತಿ.

ಉಳ್ಳಾಲದಲ್ಲಿ ಚೌಟರ ಅಬ್ಬಕ್ಕ, ವೇಣೂರಿನಲ್ಲಿ ಅಜಿಲರ ಮದುರಕ್ಕದೇವಿ, ಪೋರ್ಚುಗೀಸರಿಗೆ ಕಪ್ಪ ಕೊಡಲೊಪ್ಪದೆ 1542ರಲ್ಲಿ ಅವರ ದಾಳಿಗೆ ಗುರಿಯಾದ ಭಟ್ಕಳದ ರಾಣಿ, ಆಮೇಲೆ ಐದು ದಶಕಗಳಿಗೂ ಹೆಚ್ಚು ಕಾಲ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿ, ಘಟ್ಟದ ಮೇಲೆ ಬಿದನೂರಿನಲ್ಲಿ ಕೆಳದಿಯ ಚೆನ್ನಮ್ಮ, ಕೊನೆಗೆ 1763ರಲ್ಲಿ ಹೈದರಾಲಿಗೆ ಬಿದನೂರನ್ನು ಕಳೆದುಕೊಂಡ ವೀರಮ್ಮಾಜಿ. ಉಳ್ಳಾಲದಿಂದ ಹೊನ್ನಾವರಕ್ಕೆ ಸುಮಾರು 200 ಕಿಲೋಮೀಟರ್ ದೂರ. ಅಷ್ಟು ಸಣ್ಣ ಪಟ್ಟಿಯಲ್ಲಿ, ಎರಡು ಶತಮಾನಗಳಿಗೆ ಸ್ವಲ್ಪ ಮೇಲ್ಪಟ್ಟ ಅವಧಿಯಲ್ಲಿ, ಇಷ್ಟು ಮಂದಿ ಹೆಂಗಸರು ರಾಜ್ಯವಾಳಿದ್ದನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ.

ನನ್ನ ಮಟ್ಟಿಗೆ ಇದಕ್ಕೆ ಉತ್ತರ ಅಳಿಯಸಂತಾನದಲ್ಲಿ, ಅಂದರೆ ತಾಯಿಯ ಕಡೆಯಿಂದ ವಾರಸುದಾರಿಕೆ ನಡೆಯುವ ತುಳುನಾಡಿನ ಪದ್ಧತಿಯಲ್ಲಿದೆ. ಆಸ್ತಿಯೂ ಅಧಿಕಾರವೂ ತಾಯಿಯ ಕಡೆಯಿಂದ ಇಳಿದುಬರುವ ಮನೆತನದಲ್ಲಿ ಹೆಣ್ಣು ಪಟ್ಟಕ್ಕೆ ಬರುವುದು ಅಪವಾದವಾಗಬೇಕಾಗಿಲ್ಲ. ಬಲ್ಲವರು ಇದನ್ನು ಒಪ್ಪುತ್ತಾರೋ ಖಂಡಿಸುತ್ತಾರೋ ತಿಳಿಯುವ ಕುತೂಹಲವಿದೆ.

ಹೊನ್ನಾವರದವಳು

ತಮ್ಮ ಮಾತಿಗೆ ಸುಮಾರು ನಾಲ್ಕುನೂರು ವರ್ಷ ಹಳೆಯ ಸಾಕ್ಷಿಯೊಬ್ಬನಿದ್ದಾನೆ. ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಕೆಳದಿ ಅರಸರ ರಾಜಧಾನಿಯಾಗಿದ್ದ ಇಕ್ಕೇರಿಗೆ ಹೊರಟ. ಹೊನ್ನಾವರದಿಂದ ಶರಾವತಿಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿದ. ಚೆನ್ನಭೈರಾದೇವಿಯ ರಾಜ್ಯ ಹೋಗಿ ಆಗ ಎರಡು ದಶಕಗಳೂ ತುಂಬಿರಲಿಲ್ಲ, ಆದರೂ ಅರಮನೆ ಬಿದ್ದುಹೋಗಿ ಅದರ ಮೇಲೆಲ್ಲ ಕಾಡು ಬೆಳೆದಿತ್ತೆಂದು ಅವನು ಬರೆದಿದ್ದಾನೆ. ಈ ಸೀಮೆಯಲ್ಲಿ ಬೆಳೆಯುವ ಮೆಣಸಿನ ಹೇರಳತೆಯಿಂದಾಗಿ ಪೋರ್ಚುಗೀಸರು ಇಲ್ಲಿನ ರಾಣಿಯನ್ನು ಕಾಳುಮೆಣಸಿನ ರಾಣಿಯೆಂದೇ ಕರೆಯುತ್ತಿದ್ದರೆಂಬ ಸಂಗತಿಯೂ ಅವನ ಪತ್ರದಲ್ಲಿದೆ.

ನಮ್ಮ ಚರ್ಚೆಗೆ ಬೇಕಾದ ಮಾತು ಅದರ ಪಕ್ಕದಲ್ಲೇ ಇದೆ. ಈ ಕರಾವಳಿಯ ಹಲವು ರಾಜ್ಯಗಳಲ್ಲಿ ಹೆಂಗಸರೇ ಆಳುವುದುಂಟು, ತಂದೆ ಯಾರೇ ಆಗಿರಲಿ, ಮಗಳು ಅಥವಾ ತಾಯಿಯ ಕಡೆಯ ಹತ್ತಿರದ ಹೆಣ್ಣು ಪಟ್ಟಕ್ಕೆ ಬರುತ್ತಾಳೆ, ಗಂಡಿನ ಮೂಲಕ ಬಂದ ಸಂತಾನಕ್ಕಿಂತ ಹೆಣ್ಣಿನ ಮೂಲಕ ಬಂದ ಸಂತಾನವೇ ವಂಶದ ರಕ್ತವೆಂದು ನಿಶ್ಚಯವಾಗಿ ಹೇಳಬಹುದೆಂಬುದು ಇಲ್ಲಿಯವರ ನಂಬಿಕೆ ಎಂಬ ಅರ್ಥದಲ್ಲಿ ಅವನು ವಿವರಿಸುತ್ತಾನೆ. ಈ ನಂಬಿಕೆ ಸರಿಯಾದದ್ದೇ ಎಂಬುದು ಅವನ ಸ್ವಂತ ಅಭಿಪ್ರಾಯವೂ ಹೌದು. ಹೊರಗಿನಿಂದ ಬಂದವನೊಬ್ಬ ನಮ್ಮ ಪದ್ಧತಿಯೊಂದನ್ನು ನಗೆಯಾಡದೆ ದಾಖಲಿಸಿದ ಅಪರೂಪದ ಜಾಗವಿದು.

ಆದರೆ ಅದೇ ಪತ್ರದಲ್ಲಿ ಇನ್ನೊಂದು ಕಥೆಯೂ ಇದೆ. ರಾಣಿಯು ಕೀಳು ಅಂತಸ್ತಿನ ಪರದೇಶಿಯೊಬ್ಬನಿಗೆ ಮನಸೋತು ಅವನ ಕೈಗೆ ಅಧಿಕಾರ ಕೊಟ್ಟಳು, ಅವನು ತಿರುಗಿಬಿದ್ದ, ಅವನನ್ನು ಅಡಗಿಸಲು ಅವಳು ಕೆಳದಿಯ ವೆಂಕಟಪ್ಪ ನಾಯಕನನ್ನು ಕರೆಸಿಕೊಂಡಳು, ಬಂದವನು ರಾಜ್ಯವನ್ನೇ ನುಂಗಿ ಅವಳನ್ನು ಸೆರೆಗೆ ತಳ್ಳಿದ ಎಂಬ ಕಥೆ. ದೆಲ್ಲಾ ವಾಲ್ಲೆ ಹೋಗುತ್ತಿದ್ದದ್ದು ಆ ವೆಂಕಟಪ್ಪ ನಾಯಕನ ಆಸ್ಥಾನಕ್ಕೇ. ಗೆದ್ದವರ ನಾಡಿನಲ್ಲಿ ಸೋತವಳ ಬಗ್ಗೆ ಕೇಳಸಿಕ್ಕ ಕಥೆಯನ್ನು ಎಷ್ಟು ನಂಬಬೇಕೆಂಬುದನ್ನು ಓದುಗರೇ ತೀರ್ಮಾನಿಸಬೇಕು.

ಶಾಸನಪಾಠಿ

ಅಳಿಯಸಂತಾನವೊಂದರಿಂದಲೇ ಎಲ್ಲವನ್ನೂ ವಿವರಿಸುವುದಕ್ಕೆ ನನ್ನ ಆಕ್ಷೇಪವಿದೆ. ಬಾರಕೂರಿನಿಂದ ಆಳಿದ ಆಳುಪರ ಬಲ್ಲಮಹಾದೇವಿಯನ್ನು ನೋಡಿ. ಗಂಡ ವೀರಪಾಂಡ್ಯನ ನಂತರ ಅವಳು 1275ರಿಂದ 1292ರವರೆಗೆ ಆಳಿದಳು, ಸಾರ್ವಭೌಮನಿಗೆ ಸಲ್ಲುವ ಬಿರುದುಗಳೇ ಅವಳ ಶಾಸನಗಳಲ್ಲಿ ಅವಳಿಗೂ ಸಂದಿವೆ. ಅವಳು ಅರಮನೆಯ ಮಗಳಾಗಿ ಬಂದು ಪಟ್ಟವೇರಿದವಳಲ್ಲ. ಪಟ್ಟದ ರಾಣಿಯಾಗಿದ್ದು, ಮಗ ನಾಗದೇವರಸನಿಗಾಗಿ ಅಧಿಕಾರ ಹಿಡಿದವಳು. ತುಳುನಾಡಿನ ನಟ್ಟನಡುವೆಯೇ, ಅಬ್ಬಕ್ಕನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ, ಅಳಿಯಸಂತಾನದ ಹಂಗಿಲ್ಲದೆ ಹೆಣ್ಣೊಬ್ಬಳು ಹದಿನೇಳು ವರ್ಷ ಆಳಲು ಸಾಧ್ಯವಾಗಿತ್ತು.

ಘಟ್ಟದ ಮೇಲೆ ಇನ್ನೂ ಹಿಂದಕ್ಕೆ ಹೋಗಬಹುದು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದ ಶಾಸನವೊಂದಿದೆ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಾಧಿಕಾರಿಯಾಗಿದ್ದ ನಾಗಾರ್ಜುನ ಸತ್ತಾಗ ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ಅವಳು ಆಡಳಿತದಲ್ಲಿ ಸಮರ್ಥಳೆಂದು ಶಾಸನ ಹೊಗಳುತ್ತದೆ. ಮುಂದೆ ಕಾಯಿಲೆಯಾದಾಗ ಅವಳು ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಳಿಕೆಯ ಬಸದಿಯಲ್ಲಿ ಜೈನ ವ್ರತದಂತೆ ದೇಹ ಬಿಟ್ಟಳು. ಅವಳು ರಾಣಿಯಲ್ಲ ನಿಜ, ಆದರೆ ಪದ್ಧತಿಯ ಬೇರು ಹುಡುಕುವವರಿಗೆ ರಾಣಿಗಿಂತ ಗಾವುಂಡಿತಿಯೇ ಒಳ್ಳೆಯ ಸಾಕ್ಷಿ. ಅರಮನೆಯಲ್ಲಿ ಅನಿವಾರ್ಯಕ್ಕೆ ಏನು ಬೇಕಾದರೂ ನಡೆಯಬಹುದು. ಎಪ್ಪತ್ತು ಹಳ್ಳಿಗಳ ಆಡಳಿತಕ್ಕೆ ವಿಧವೆಯೊಬ್ಬಳನ್ನು ನೇಮಿಸುವಾಗ ಸಮಾಜದ ಒಪ್ಪಿಗೆ ಇದ್ದಿರಲೇಬೇಕು.

ಬಾದಾಮಿ ಚಾಲುಕ್ಯರ ವಿಜಯಭಟ್ಟಾರಿಕೆ ಏಳನೆಯ ಶತಮಾನದಲ್ಲಿ ತನ್ನದೇ ಆಳ್ವಿಕೆಯ ಐದನೆಯ ವರ್ಷವೆಂದು ದಾನಶಾಸನ ಬರೆಸಿದ್ದಾಳೆ. ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಕಿಸುಕಾಡನ್ನು ಆಳುತ್ತ 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ್ದಳು. ಇವರು ಯಾರೂ ಅಳಿಯಸಂತಾನದವರಲ್ಲ.

ಘಟ್ಟದಾಕೆ

ಶಾಸನಪಾಠಿಯವರು ಬಂದಳಿಕೆಯನ್ನು ನೆನಪಿಸಿದ್ದು ಒಳ್ಳೆಯದಾಯಿತು. ಕೆಳದಿಯೂ ಅದೇ ಶಿವಮೊಗ್ಗ ಸೀಮೆಯದು, ಕೆಳದಿ ಚೆನ್ನಮ್ಮನ ದಾರಿಯೂ ಜಕ್ಕಿಯಬ್ಬೆಯ ದಾರಿಯೇ. ಗಂಡನಿಂದ ತೆರವಾದ ಅಧಿಕಾರಕ್ಕೆ ಹೆಂಡತಿ ಬಂದಳು.

ಕೆಳದಿಯವರು ವೀರಶೈವರು. ಅಲ್ಲಿ ಪಟ್ಟ ತಂದೆಯಿಂದ ಮಗನಿಗೆ ಹೋಗಬೇಕು. ಚೆನ್ನಮ್ಮ ಹುಟ್ಟಿನಿಂದ ಅರಸುಮನೆತನದವಳೂ ಅಲ್ಲ, ಕೋಟಿಪುರದ ಸಿದ್ಧಪ್ಪ ಶೆಟ್ಟಿ ಎಂಬ ವರ್ತಕನ ಮಗಳು. ಗಂಡ ಸೋಮಶೇಖರ ನಾಯಕ ನರ್ತಕಿಯೊಬ್ಬಳ ಬಲೆಗೆ ಬಿದ್ದು, ಮದ್ದು ತಿಂದು ಬುದ್ಧಿ ಕೆಟ್ಟು, ಕೊನೆಗೆ ಕೊಲೆಯಾದನೆಂದು ಲಿಂಗಣ್ಣ ಕವಿಯ ಕೆಳದಿನೃಪವಿಜಯ ಹೇಳುತ್ತದೆ. ಮಕ್ಕಳಿರಲಿಲ್ಲ. ಅಧಿಕಾರಿಗಳು ಒಬ್ಬೊಬ್ಬರು ಒಬ್ಬೊಬ್ಬನನ್ನು ಪಟ್ಟಕ್ಕೆ ತರಲು ಹವಣಿಸುತ್ತಿದ್ದರು, ಬಿಜಾಪುರದ ಸೈನ್ಯ ಬಾಗಿಲಲ್ಲಿತ್ತು. ಅವಳು ಭಂಡಾರವನ್ನು ಹೊರಡಿಸಿಕೊಂಡು ಭುವನಗಿರಿಗೆ, ಅಂದರೆ ಇಂದಿನ ಕವಲೇದುರ್ಗಕ್ಕೆ ಹೋದಳು. ಅಲ್ಲಿಂದ ತನ್ನವರನ್ನು ಒಂದುಗೂಡಿಸಿಕೊಂಡು ಬಿದನೂರಿಗೆ ಮರಳಿ, 1671-72ರಿಂದ ಸುಮಾರು 25 ವರ್ಷ ಆಳಿದಳು.

ಭಂಡಾರವನ್ನು ಮೊದಲು ಸಾಗಿಸಿದ್ದನ್ನು ಗಮನಿಸಿ. ಸಂಬಳ ಕೊಡುವ ಶಕ್ತಿ ಯಾರ ಕೈಯಲ್ಲಿದೆಯೋ ಸೈನ್ಯ ಅವರದು ಎಂಬುದು ವರ್ತಕನ ಮಗಳಿಗೆ ತಿಳಿಯದ ವಿಷಯವಾಗಿರಲಾರದು.

ಆದರೆ ಅವಳ ಹಕ್ಕು ಗಟ್ಟಿಯಾದದ್ದು ದತ್ತಕದಿಂದ. ಮರಿಯಪ್ಪ ಶೆಟ್ಟಿ ಎಂದೂ ಮಾರ್ಕಪ್ಪ ಶೆಟ್ಟಿ ಎಂದೂ ಬರೆಯಲಾಗುವ ಬಂಧುವಿನ ಮಗ ಬಸಪ್ಪನನ್ನು ಅವಳು ದತ್ತು ತೆಗೆದುಕೊಂಡು ಬೆಳೆಸಿದಳು. ಅವನೇ ಮುಂದೆ ಬಸಪ್ಪ ನಾಯಕನಾಗಿ ಸಂಸ್ಕೃತದಲ್ಲಿ ಶಿವತತ್ತ್ವರತ್ನಾಕರವೆಂಬ ವಿಶ್ವಕೋಶವನ್ನು ರಚಿಸಿದ. ಹುಡುಗ ದೊಡ್ಡವನಾದ ಮೇಲೂ ಅಧಿಕಾರ ಅವಳ ಕೈಯಲ್ಲೇ ಇತ್ತು, ಅದಕ್ಕೆ ಎದುರು ಮಾತು ಕೇಳಿಬರಲಿಲ್ಲ. ಸಾರಾಂಶದಲ್ಲಿ ಅಬ್ಬಕ್ಕ ಮಗಳ ಹಕ್ಕಿನಿಂದ ಆಳಿದವಳು, ಚೆನ್ನಮ್ಮ ಸೊಸೆಯ ಹಕ್ಕಿನಿಂದ. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿದರೆ ಇಬ್ಬರೂ ಅರ್ಥವಾಗುವುದಿಲ್ಲ.

ನೇತ್ರಾವತಿ ದಡ

ಘಟ್ಟದಾಕೆಯವರ ಮಗಳು-ಸೊಸೆ ವ್ಯತ್ಯಾಸವನ್ನು ಒಪ್ಪುತ್ತೇನೆ, ಮತ್ತು ಅದರಿಂದಲೇ ನನ್ನ ವಾದ ಇನ್ನಷ್ಟು ಬಲಗೊಳ್ಳುತ್ತದೆ ಎನ್ನುತ್ತೇನೆ. ಬಲ್ಲಮಹಾದೇವಿ, ಜಕ್ಕಿಯಬ್ಬೆ, ಕೆಳದಿಯ ಚೆನ್ನಮ್ಮ ಈ ಮೂವರಿಗೂ ಅಧಿಕಾರ ಬಂದದ್ದು ಗಂಡನ ಸಾವಿನಿಂದ. ಅಬ್ಬಕ್ಕನಿಗೆ ಬಂದದ್ದು ಸೋದರಮಾವನಿಂದ. ಅವಳು ಪಟ್ಟವೇರಲು ಯಾರೂ ಸಾಯಬೇಕಾಗಿರಲಿಲ್ಲ ಎಂದಲ್ಲ, ಮಾವ ಸಾಯಲೇಬೇಕಿತ್ತು, ಆದರೆ ಅವಳು ವಿಧವೆಯಾಗಬೇಕಾಗಿರಲಿಲ್ಲ.

ಗಂಡನಿದ್ದೂ ಆಳಿದವಳು ಅವಳು. ಗಂಡ ಮಂಗಳೂರಿನ ಬಂಗ ಅರಸ, ಅವನದು ನೇತ್ರಾವತಿಯ ಆ ದಡದ ರಾಜ್ಯ, ಇವಳದು ಈ ದಡದ್ದು. ದೆಲ್ಲಾ ವಾಲ್ಲೆ ಕೊಡುವ ವಿವರದಂತೆ ಇಬ್ಬರೂ ಒಂದೇ ಮನೆಯಲ್ಲಿ ಬಾಳಲಿಲ್ಲ, ತಂತಮ್ಮ ರಾಜ್ಯದಲ್ಲಿದ್ದುಕೊಂಡು ಗಡಿಯಲ್ಲಿ ಡೇರೆ ಹಾಕಿಸಿ ಭೇಟಿಯಾಗುತ್ತಿದ್ದರು. ಮನಸ್ತಾಪ ಬಂದಾಗ ರಾಣಿ ಅವನು ಕೊಟ್ಟಿದ್ದ ಒಡವೆಗಳನ್ನು ಹಿಂದಕ್ಕೆ ಕಳಿಸಿದಳು. ಮದುವೆ ಮುರಿಯಿತೆಂಬುದಕ್ಕೆ ಅಷ್ಟು ಸಾಕಾಗಿತ್ತು. ಮುಂದೆ ಬಂಗನು ಪೋರ್ಚುಗೀಸರ ಮೊರೆಹೊಕ್ಕ, ಇವಳು ವೆಂಕಟಪ್ಪ ನಾಯಕನ ನೆರವು ಪಡೆದಳು, ದೆಲ್ಲಾ ವಾಲ್ಲೆ ಜೊತೆಗಿದ್ದ ರಾಯಭಾರಿ ಇಕ್ಕೇರಿಗೆ ಹೋದದ್ದೂ ಈ ಜಗಳದ ಸಲುವಾಗಿಯೇ. ಗಂಡಹೆಂಡಿರ ವಿರಸ ಗೋವೆಯ ವೈಸ್‌ರಾಯಿಯವರೆಗೆ ಹೋಗಬೇಕಾದರೆ ಇಬ್ಬರೂ ಸರಿಸಮಾನ ದೊರೆಗಳಾಗಿರಬೇಕಲ್ಲವೇ?

ಅಳಿಯಸಂತಾನದ ಮನೆಗಳಲ್ಲಿ ಬೆಳೆದವರಿಗೆ ಇದು ಹೊಸತಲ್ಲ. ಹೆಣ್ಣು ಮದುವೆಯಾದರೂ ಅವಳ ಕುಟುಂಬ ತಾಯಿಯ ಕುಟುಂಬವೇ, ಅವಳ ಮಕ್ಕಳು ಅವಳ ಕವರಿಗೆ, ಅಂದರೆ ಅವಳಿಂದ ಇಳಿದುಬಂದ ಕವಲಿಗೆ, ಸೇರುತ್ತಾರೆ, ಗಂಡ ಹೊರಗಿನವನು. ಮಲಬಾರಿನಲ್ಲಿದ್ದ ಇಂಥದೇ ಪದ್ಧತಿಯಾದ ಮರುಮಕ್ಕತ್ತಾಯದಲ್ಲಿ ಆಡಳಿತ ಸಾಮಾನ್ಯವಾಗಿ ಹಿರಿಯ ಗಂಡಸಿನದಾದರೆ, ನಮ್ಮಲ್ಲಿ ಹಿರಿಯಳು ಹೆಂಗಸಾದರೆ ಅವಳೇ ಯಜಮಾಂತಿಯಾಗಬಹುದಿತ್ತು. ಯಜಮಾಂತಿ ಇರುವ ಸಮಾಜಕ್ಕೆ ರಾಣಿ ವಿಚಿತ್ರವೆನಿಸುವುದಿಲ್ಲ.

ಸಂದೇಹಿ

ಎರಡು ಪ್ರಶ್ನೆಗಳು. ಪೋರ್ಚುಗೀಸರು ಉಳ್ಳಾಲದ ಮೇಲೆ ಬಂದದ್ದು 1550ರ ದಶಕದಲ್ಲಿ, ಮತ್ತೆ 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟುವಾಗ. ದೆಲ್ಲಾ ವಾಲ್ಲೆ ರಾಣಿಯನ್ನು ಕಂಡದ್ದು 1623ರಲ್ಲಿ. ನಾವು ಮಾತಾಡುತ್ತಿರುವುದು ಒಬ್ಬಳೇ ಅಬ್ಬಕ್ಕನ ಬಗ್ಗೆಯೇ? ಇನ್ನೊಂದು, ಗಂಡನ ಸಮಾನಳಾಗಿದ್ದಳೆಂಬುದು ಸರಿ, ಆದರೆ ಅವಳು ನಿಜವಾಗಿ ಏನು ಆಡಳಿತ ಮಾಡುತ್ತಿದ್ದಳೆಂಬುದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಇದೆಯೇ, ಅಥವಾ ಮಂತ್ರಿಗಳು ನಡೆಸುತ್ತಿದ್ದ ರಾಜ್ಯಕ್ಕೆ ಅವಳ ಹೆಸರಿತ್ತೇ?

ಹೊನ್ನಾವರದವಳು

ಒಬ್ಬಳಲ್ಲ. ದೆಲ್ಲಾ ವಾಲ್ಲೆಯ ಕಣ್ಣಿಗೆ ಆ ರಾಣಿ ನಲವತ್ತು ದಾಟಿದವಳಂತೆ ಕಾಣಲಿಲ್ಲ, ಅದಕ್ಕಿಂತ ಹೆಚ್ಚು ವಯಸ್ಸಾಗಿದೆಯೆಂದು ಬೇರೆಯವರು ಅವನಿಗೆ ಹೇಳಿದ್ದರು. ಹೇಗೆ ಲೆಕ್ಕ ಹಾಕಿದರೂ 1550ರ ದಶಕದಲ್ಲಿ ದಂಡು ಕೂಡಿಸಿದವಳು 1623ರಲ್ಲಿ ಹಾಗೆ ಕಾಣಲು ಸಾಧ್ಯವಿಲ್ಲ. ಚೌಟ ಮನೆತನದಲ್ಲಿ ಅಬ್ಬಕ್ಕನೆಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿ ಆಳಿದ್ದಾರೆ, ಜನರ ನೆನಪು ಅವರನ್ನೆಲ್ಲ ಒಬ್ಬಳನ್ನಾಗಿ ಹೆಣೆದಿದೆ. ಇದರಿಂದ ಅಬ್ಬಕ್ಕ ಚಿಕ್ಕವಳಾಗುವುದಿಲ್ಲ. ಒಬ್ಬಳು ಅಪರೂಪಕ್ಕೆ ಬಂದು ಹೋದಳೆನ್ನುವುದಕ್ಕಿಂತ, ಒಂದೇ ಮನೆತನದಲ್ಲಿ ಒಬ್ಬಳ ನಂತರ ಇನ್ನೊಬ್ಬಳು ಆಳಿದಳೆನ್ನುವುದು ನೇತ್ರಾವತಿ ದಡದವರ ವಾದಕ್ಕೆ ಹೆಚ್ಚು ಅನುಕೂಲ.

ಎರಡನೆಯ ಪ್ರಶ್ನೆಗೆ ನನಗೆ ಬಹಳ ಇಷ್ಟವಾದ ಉತ್ತರವಿದೆ. ಅವಳನ್ನು ನೋಡಲೆಂದು ದೆಲ್ಲಾ ವಾಲ್ಲೆ ಮಣೇಲಿಗೆ ಹೋದಾಗ ಅವಳು ಅರಮನೆಯಲ್ಲಿ ಇರಲಿಲ್ಲ. ಪೇಟೆಯ ಬೀದಿಯಲ್ಲಿ, ಮುಂದೆ ಒಂದಿಷ್ಟು ಮಂದಿ ಸೈನಿಕರು, ಸೊಂಟಕ್ಕೆ ಸುತ್ತಿದ ಬಿಳಿಯ ಬಟ್ಟೆ, ಬರಿಗಾಲು, ಹೀಗೆ ನಡೆದು ಬರುತ್ತಿದ್ದಳು. ಅಗೆತದ ಕೆಲಸವೊಂದು ನಡೆದಿತ್ತು, ಅದರ ಮೇಲ್ವಿಚಾರಣೆಗೆ ಹೊರಟಿದ್ದಳು. ಉಡುಪು ನೋಡಿದರೆ ಅಡುಗೆಯವಳಂತೆ ಕಾಣುತ್ತಾಳೆ, ಮಾತಿಗೆ ನಿಂತರೆ ವಿವೇಕಿ ರಾಣಿಯೆಂದು ತಿಳಿಯುತ್ತದೆ ಎಂಬುದು ಅವನ ತೀರ್ಪಿನ ಸಾರ. ದುಭಾಷಿಯ ಮೂಲಕ ಅವನನ್ನು ಪ್ರಶ್ನಿಸಿದ್ದೂ ಅವಳೇ: ಎಲ್ಲಿಂದ ಬಂದೆ, ಯಾವ ಯಾವ ದೇಶ ನೋಡಿದೆ, ಈ ಕಾಡಿಗೆ ಯಾಕೆ ಬಂದೆ ಎಂದು.

ಮಂತ್ರಿಗಳೇ ನಡೆಸುವ ರಾಜ್ಯದ ರಾಣಿ ಅಗೆತ ನೋಡಲು ಬರಿಗಾಲಲ್ಲಿ ಹೋಗುವುದಿಲ್ಲ. ನಮ್ಮ ಊರೂರಿನ ಪ್ರತಿಮೆಗಳಲ್ಲಿ ಕುದುರೆ ಏರಿದ ಅಬ್ಬಕ್ಕನಿದ್ದಾಳೆ, ಮಣ್ಣಿನ ಕೆಲಸದ ಬಳಿ ನಿಂತ ಅಬ್ಬಕ್ಕನಿಲ್ಲ. ಕಣ್ಣಾರೆ ಕಂಡವನು ಬರೆದಿಟ್ಟದ್ದು ಎರಡನೆಯವಳನ್ನು.

ಕರಿಮೆಣಸು

ಹಕ್ಕಿನ ಚರ್ಚೆ ಚೆನ್ನಾಗಿ ನಡೆದಿದೆ, ಆದರೆ ಹಕ್ಕಿದ್ದವರೆಲ್ಲ ಪ್ರಸಿದ್ಧರಾಗುವುದಿಲ್ಲ. ಈ ರಾಣಿಯರ ಹೆಸರು ದಾಖಲೆಗಳಿಗೆ ಹತ್ತಿದ್ದರ ಹಿಂದೆ ಮೆಣಸು ಮತ್ತು ಅಕ್ಕಿ ಇವೆ.

ಗೋವೆ ತನ್ನ ಅನ್ನಕ್ಕೆ ನಮ್ಮ ಕರಾವಳಿಯನ್ನು ನೆಚ್ಚಿಕೊಂಡಿತ್ತು. ಬಸರೂರು, ಮಂಗಳೂರುಗಳಿಂದ ಅಕ್ಕಿ ಹೋಗದಿದ್ದರೆ ಅಲ್ಲಿನ ಪೋರ್ಚುಗೀಸರಿಗೆ ಊಟಕ್ಕೆ ತತ್ವಾರ. ಇಲ್ಲಿನ ಅರಸರಿಂದ ಅವರು ಕೇಳುತ್ತಿದ್ದ ಕಪ್ಪದಲ್ಲಿಯೂ ಅಕ್ಕಿಯ ಮೂಟೆಗಳು ಸೇರಿದ್ದವು. ಜೊತೆಗೆ, ತಮ್ಮಿಂದ ಹಣ ಕೊಟ್ಟು ರಹದಾರಿ ಪಡೆಯದ ಹಡಗನ್ನು ಕಡಲಿನಲ್ಲಿ ಹಿಡಿಯುವ ಪದ್ಧತಿ ಅವರದು. ಉಳ್ಳಾಲದ ಹಡಗುಗಳು ಆ ಕಟ್ಟಳೆಯನ್ನು ಮೀರಿ ಕಲ್ಲಿಕೋಟೆಯ ವರ್ತಕರ ಜೊತೆ ವ್ಯಾಪಾರ ಮಾಡುತ್ತಿದ್ದುದೇ ಜಗಳದ ಮೂಲ.

1565ರ ನಂತರ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ಅದುವರೆಗೆ ವಿಜಯನಗರವೆಂಬ ಮೇಲೊಡೆಯನಿದ್ದ. ಭಟ್ಕಳದಲ್ಲಿ ಇಳಿಯುವ ಕುದುರೆಗಳು ಅವನಿಗೆ ಬೇಕಿದ್ದವು, ಪೋರ್ಚುಗೀಸರಿಗೂ ಅವನ ಸ್ನೇಹ ಬೇಕಿತ್ತು. ತಾಳಿಕೋಟೆಯ ಯುದ್ಧದಿಂದ ಆ ಆಸರೆ ಕುಸಿದೊಡನೆ ಸಣ್ಣ ರಾಜ್ಯಗಳು ಫಿರಂಗಿಗಳ ಎದುರು ನೇರವಾಗಿ ನಿಲ್ಲಬೇಕಾಯಿತು. 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಎದ್ದಿತು, 1569ರಲ್ಲಿ ಹೊನ್ನಾವರವೂ ಬಸರೂರೂ ಪೋರ್ಚುಗೀಸರ ವಶವಾದವು. ಮುಂದಿನ ವರ್ಷ ಚೆನ್ನಭೈರಾದೇವಿಯ ದಂಡು ಬಿಜಾಪುರದವರ ಜೊತೆಗೂಡಿ ಹೊನ್ನಾವರದ ಕೋಟೆಗೆ ಮುತ್ತಿಗೆ ಹಾಕಿತು, ಕೋಟೆ ಕೈಗೆ ಬರಲಿಲ್ಲ. ಆಮೇಲೂ ಅವಳು ಮೂರು ದಶಕಕ್ಕೂ ಹೆಚ್ಚು ಕಾಲ ಆಳಿದ್ದಾಳೆ ಎಂಬುದು ನನಗೆ ಆ ಮುತ್ತಿಗೆಗಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಬಂದರಿನ ಬಾಯಲ್ಲಿ ಶತ್ರುವಿನ ಕೋಟೆ ಇದ್ದರೂ ಮೆಣಸು ಬೆಳೆಯುವ ಒಳನಾಡು ಅವಳದಾಗಿತ್ತು. ಮಾರುವವಳು ಇವಳು, ಕೊಳ್ಳಲೇಬೇಕಾದವರು ಅವರು.

ಈ ಕಾದಾಟ, ಈ ಚೌಕಾಸಿ ಇಲ್ಲದಿದ್ದರೆ ಪೋರ್ಚುಗೀಸರ ಕಡತಗಳಲ್ಲಿ ಇವರ ಸುದ್ದಿಯೇ ಇರುತ್ತಿರಲಿಲ್ಲ. ಒಳನಾಡಿನಲ್ಲಿ ಹೀಗೆ ಆಳಿದ ಎಷ್ಟು ಮಂದಿ ಹೆಂಗಸರನ್ನು ಯಾರೂ ಬರೆದಿಡಲಿಲ್ಲವೋ.

ಘಟ್ಟದಾಕೆ

ಕರಿಮೆಣಸು ಅವರ ಮಾತಿಗೆ ಒಂದು ಪುರವಣಿ. 1678ರಲ್ಲಿ ಕೆಳದಿಯ ಚೆನ್ನಮ್ಮ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡಾಗಲೂ ಮಾತುಕತೆ ನಡೆದದ್ದು ಮೆಣಸು ಮತ್ತು ಅಕ್ಕಿಯ ಮೇಲೆಯೇ. ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಅವಳು ಅನುಮತಿ ಕೊಟ್ಟದ್ದೂ ಈ ವ್ಯವಹಾರದ ಭಾಗವಾಗಿ. ಹಿಂದೆ ಚೆನ್ನಭೈರಾದೇವಿಯ ಕೈಯಲ್ಲಿದ್ದ ನೆಲವೂ ಇದರಲ್ಲಿ ಸೇರಿತ್ತು. ಗೇರುಸೊಪ್ಪೆಯ ರಾಣಿಯನ್ನು ಕೆಳದಿಯವರು ಇಕ್ಕೇರಿಯ ಸೆರೆಯಲ್ಲಿಟ್ಟು, ಅವಳು ಅಲ್ಲೇ ಸತ್ತು, ಸುಮಾರು ಎಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಕೆಳದಿಯ ಗದ್ದುಗೆಯ ಮೇಲೆ ಇನ್ನೊಬ್ಬ ರಾಣಿ ಕೂತು ಅದೇ ಮೆಣಸಿನ ದರವನ್ನು ಅದೇ ಪರಂಗಿಯವರೊಡನೆ ಮಾತಾಡುತ್ತಿದ್ದಳು.

ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಅವಳು ಆಶ್ರಯ ಕೊಟ್ಟ ವಿಷಯವನ್ನು ಯಾರಾದರೂ ಎತ್ತುವ ಮೊದಲು ನಾನೇ ಹೇಳಿಬಿಡುತ್ತೇನೆ. ಔರಂಗಜೇಬನು ಕಳಿಸಿದ ಸೈನ್ಯವನ್ನು ಅವಳು ಸೋಲಿಸಿದಳೆಂದು ಕೆಳದಿಯ ಕಡೆಯ ಕಾವ್ಯ ಹಾಡುತ್ತದೆ, ಅವಳು ಸಣ್ಣದೊಂದು ದಂಡ ತೆತ್ತು ಪಾರಾದಳೆಂದು ಮೊಘಲರ ಕಡೆಯ ಬರಹ ಹೇಳುತ್ತದೆ. ನನಗೆ ಇಬ್ಬರ ಮಾತಿಗಿಂತ ಫಲ ಮುಖ್ಯವಾಗಿ ತೋರುತ್ತದೆ. ರಾಜಾರಾಮ ಸುರಕ್ಷಿತವಾಗಿ ಜಿಂಜಿ ತಲುಪಿದ, ಬಿದನೂರು ಉಳಿಯಿತು. ಆಗಷ್ಟೇ ಬಿಜಾಪುರ, ಗೋಲ್ಕೊಂಡಗಳೆರಡೂ ಬಿದ್ದಿದ್ದವು ಎಂಬುದನ್ನು ನೆನೆದರೆ ಅದು ಸಣ್ಣ ಸಾಧನೆಯಲ್ಲ.

ಬೈಲಹೊಂಗಲದ ಮೇಷ್ಟ್ರು

ಚರ್ಚೆ ಕರಾವಳಿಯದು, ಆದರೂ ಸೊಸೆಯ ಹಕ್ಕು ಮತ್ತು ದತ್ತಕದ ಮ್ಯಾಲೆ ಮಾತು ಬಂದಿರುವುದರಿಂದ ಕಿತ್ತೂರನ್ನು ಬಿಟ್ಟು ಮುಂದೆ ಹೋಗಲಾಗದು. ಕೆಳದಿಯಲ್ಲಿ ಗೆದ್ದ ದಾರಿಯೇ ಒಂದೂವರೆ ಶತಮಾನದ ಮೇಲೆ ಕಿತ್ತೂರಿನಲ್ಲಿ ಮುಚ್ಚಿಹೋಯಿತು.

ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡರು. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನಿಗೆ ಪಟ್ಟವಾಯಿತು, ಅವನೂ ಸೆಪ್ಟೆಂಬರ್ 1824ರಲ್ಲಿ ಮಕ್ಕಳಿಲ್ಲದೆ ಸತ್ತ. ಮಾಸ್ತಮರಡಿಯ ಹುಡುಗ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅವನು ಮೊದಲು ಮಾಡಿದ್ದು ಕಿತ್ತೂರಿನ ಖಜಾನೆಗೆ ಮುದ್ರೆ ಹಾಕಿ ಕಾವಲಿಟ್ಟದ್ದು. ಭಂಡಾರ ಕೈಯಲ್ಲಿದ್ದವರದೇ ರಾಜ್ಯವೆಂಬ ಘಟ್ಟದಾಕೆಯವರ ಮಾತು ಕಂಪನಿಯವರಿಗೂ ಗೊತ್ತಿತ್ತು. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಥ್ಯಾಕರೆ ಸತ್ತ, ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಸಿಕ್ಕರು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು, ರಾಣಿ ಚೆನ್ನಮ್ಮನನ್ನು ನಮ್ಮೂರಿನ ಕೋಟೆಯಲ್ಲಿ ಇರಿಸಿದರು, ಅಲ್ಲಿಯೇ 1829ರ ಫೆಬ್ರವರಿಯಲ್ಲಿ ಅವಳು ಕಣ್ಣುಮುಚ್ಚಿದಳು.

ದತ್ತಕ ನಿರಾಕರಣೆಯೆಂದರೆ ಡಾಲ್‌ಹೌಸಿಯ ನೀತಿ ಎಂದು ಪರೀಕ್ಷೆಗಳಲ್ಲಿ ಬರೆಯುವ ವಿದ್ಯಾರ್ಥಿಗಳಿಗೆ ನಾನು ವರ್ಷದ ಲೆಕ್ಕ ಮಾಡಿಸುತ್ತೇನೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಕಿತ್ತೂರು ಹೋದದ್ದು ಅದಕ್ಕೂ 24 ವರ್ಷ ಮೊದಲು. ದತ್ತು ಒಪ್ಪುವುದೂ ಬಿಡುವುದೂ ತನ್ನ ಮರ್ಜಿ ಎಂಬ ಧೋರಣೆ ಹೆಸರು ಪಡೆಯುವ ಮೊದಲೇ ಕಿತ್ತೂರಿನಲ್ಲಿ ಜಾರಿಯಾಗಿತ್ತು.

ಅಬ್ಬಕ್ಕನ ಹಕ್ಕನ್ನು ಪೋರ್ಚುಗೀಸರು ಪ್ರಶ್ನಿಸಲಿಲ್ಲ ಎಂಬುದನ್ನೂ ಇಲ್ಲಿ ನೋಡಬೇಕು. ಅವರು ಅವಳ ಕಪ್ಪ ಕೇಳಿದರು, ಹಡಗು ಹಿಡಿದರು, ಊರು ಸುಟ್ಟರು, ಆದರೆ ನೀನು ರಾಣಿಯೇ ಅಲ್ಲ ಎನ್ನಲಿಲ್ಲ. ಹುಟ್ಟಿನಿಂದ ಬಂದ ಹಕ್ಕಿಗೆ ಕಾಗದಪತ್ರ ಬೇಡ. ದತ್ತಕದ ಹಕ್ಕಿಗೆ ಇನ್ನೊಬ್ಬರ ಸಹಿ ಬೇಕು, ಆ ಸಹಿ ಹಾಕುವವನು ಬಲಶಾಲಿಯಾದ ದಿನ ಹಕ್ಕು ಅವನ ಕೈಗೆ ಹೋಗುತ್ತದೆ.

ಸಂದೇಹಿ

ಮೇಷ್ಟ್ರ ಕೊನೆಯ ಮಾತು ಕಿತ್ತೂರಿಗೆ ಸರಿ. ಹಾಗಾದರೆ ಕೆಳದಿಯಲ್ಲಿಯೂ ಈ ದೌರ್ಬಲ್ಯ ಎಲ್ಲಾದರೂ ಕಾಣಿಸಿಕೊಳ್ಳಬೇಕಿತ್ತಲ್ಲ?

ಘಟ್ಟದಾಕೆ

ಕಾಣಿಸಿಕೊಂಡಿತು, ವೀರಮ್ಮಾಜಿಯ ಕಾಲದಲ್ಲಿ. ಅವಳೂ ವಿಧವೆ, ದತ್ತುಮಗನ ಹೆಸರಿನಲ್ಲಿ ಆಳುತ್ತಿದ್ದವಳು. ಆ ಹುಡುಗ ಚೆನ್ನಬಸಪ್ಪ ನಾಯಕ 1757ರಲ್ಲಿ ತೀರಿಕೊಂಡ, ಅವಳು ಇನ್ನೊಬ್ಬನನ್ನು ದತ್ತು ತೆಗೆದುಕೊಂಡಳು. ಕೆಲವು ವರ್ಷಗಳ ಮೇಲೆ ನಾನೇ ಚೆನ್ನಬಸಪ್ಪ, ಸತ್ತಿಲ್ಲ, ತಪ್ಪಿಸಿಕೊಂಡಿದ್ದೆ ಎಂದು ಒಬ್ಬ ಚಿತ್ರದುರ್ಗದಲ್ಲಿ ಕಾಣಿಸಿಕೊಂಡ. ಹಕ್ಕುದಾರನಿಗೆ ನ್ಯಾಯ ಕೊಡಿಸುವ ನೆಪ ಹೈದರಾಲಿಗೆ ಸಿಕ್ಕಿತು. 1763ರಲ್ಲಿ ಬಿದನೂರು ಬಿದ್ದ ಮೇಲೆ ಆ ಹಕ್ಕುದಾರನಿಗೆ ರಾಜ್ಯವೇನೂ ಸಿಗಲಿಲ್ಲ. ಹೈದರನು ಊರಿಗೆ ತನ್ನ ಹೆಸರಿಟ್ಟ, ರಾಣಿಯನ್ನೂ ದತ್ತುಮಗನನ್ನೂ ಮಧುಗಿರಿಯಲ್ಲಿ ಸೆರೆಯಿಟ್ಟ. 1767ರಲ್ಲಿ ಪೇಶ್ವೆ ಮಾಧವರಾಯನು ಮಧುಗಿರಿಯನ್ನು ಹಿಡಿದಾಗ ಅವರಿಗೆ ಬಿಡುಗಡೆಯಾಯಿತು.

ವೀರಮ್ಮಾಜಿಗೂ ಪ್ರಿಯಕರನೊಬ್ಬನಿದ್ದ, ಅದರಿಂದಲೇ ಜನ ತಿರುಗಿಬಿದ್ದರು ಎಂಬ ಕಥೆ ಇದೆ. ಗೇರುಸೊಪ್ಪೆಯ ಬಗ್ಗೆ ದೆಲ್ಲಾ ವಾಲ್ಲೆಗೆ ಸಿಕ್ಕ ಕಥೆಯನ್ನು ಇದರ ಪಕ್ಕದಲ್ಲಿಡಿ. ಅರಸ ಸೋತರೆ ಫಿರಂಗಿ ಕಡಿಮೆಯಿತ್ತು, ಮಳೆ ಬಂತು, ಸೇನಾಪತಿ ದ್ರೋಹ ಮಾಡಿದ ಎಂದು ಕಾರಣಗಳು ಬರುತ್ತವೆ. ರಾಣಿ ಸೋತರೆ ಅವಳ ಅಂತಃಪುರದ ಬಾಗಿಲು ತೆರೆಯುತ್ತಾರೆ. ಸೋಮಶೇಖರ ನಾಯಕನ ವಿಷಯದಲ್ಲಿ ಮೋಹದ ಕಥೆ ಇದ್ದರೂ ಅಲ್ಲಿ ಕೆಟ್ಟವಳು ಮದ್ದು ಹಾಕಿದ ನರ್ತಕಿ, ಅವನಲ್ಲ.

ನೇತ್ರಾವತಿ ದಡ

ಇಷ್ಟು ದೂರ ಬಂದ ಮೇಲೆ ನನ್ನ ಮೊದಲ ಮಾತಿನ ಒಂದು ತುದಿಯನ್ನು ನಾನೇ ಮೊಟಕುಗೊಳಿಸಬೇಕಾಗಿದೆ. ಅಳಿಯಸಂತಾನವೆಂದರೆ ಹೆಣ್ಣಿನ ಆಳ್ವಿಕೆ ಎಂದು ಯಾರೂ ತಿಳಿಯಬಾರದು. ಹೆಸರೇ ಸೂಚಿಸುವಂತೆ ಸಾಮಾನ್ಯವಾಗಿ ಪಟ್ಟ ಹೋಗುತ್ತಿದ್ದದ್ದು ಅಳಿಯನಿಗೆ. ಚೌಟರಲ್ಲಿ, ಬಂಗರಲ್ಲಿ, ಅಜಿಲರಲ್ಲಿ ಗಂಡು ಅರಸರೇ ಹೆಚ್ಚು, ವೇಣೂರಿನ ಗೊಮ್ಮಟನನ್ನು 1604ರಲ್ಲಿ ನಿಲ್ಲಿಸಿದವನೂ ತಿಮ್ಮಣ್ಣ ಅಜಿಲನೇ. ಯೋಗ್ಯ ಅಳಿಯನಿಲ್ಲದಾಗ ಸೊಸೆ, ಅಂದರೆ ಸೋದರಿಯ ಮಗಳು, ತಡೆಯಿಲ್ಲದೆ ಬರಬಹುದಿತ್ತು ಎಂಬುದಷ್ಟೇ ವ್ಯತ್ಯಾಸ.

ಆ ಹಕ್ಕು ರಾಜ್ಯಗಳೆಲ್ಲ ಹೋದ ಮೇಲೂ ಮನೆಗಳಲ್ಲಿ ಉಳಿದಿತ್ತು. ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡದ ಕೋರ್ಟುಗಳಲ್ಲಿ ಯಜಮಾನ, ಯಜಮಾಂತಿಯರ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ಕವರುಗಳು ಪಾಲು ಕೇಳುವ ಹಕ್ಕನ್ನು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಆ ಪದ್ಧತಿಯ ಬಹುಭಾಗ ಕರಗಿಹೋಯಿತು. ಮೂಡುಬಿದಿರೆಯಲ್ಲಿ ಚೌಟರ ಅರಮನೆಯ ಕೆತ್ತನೆಯ ಕಂಬಗಳನ್ನು ನೋಡಲು ಹೋಗುವವರು, ಸಾಧ್ಯವಾದರೆ, ಆ ಊರಿನ ಹಿರಿಯರೊಡನೆ ಯಜಮಾಂತಿಯರ ಬಗ್ಗೆಯೂ ಒಂದಿಷ್ಟು ವಿಚಾರಿಸಿಕೊಂಡು ಬಂದು ಇಲ್ಲಿ ಬರೆಯಿರಿ.

ಶಾಸನಪಾಠಿ

ಮೂಡುಬಿದಿರೆಗೆ ಹೋಗುವವರು ಬಾರಕೂರಿಗೂ ಹೋಗಿ. ಬಲ್ಲಮಹಾದೇವಿಯ ನಂತರ ಅರ್ಧ ಶತಮಾನ ಕಳೆಯುವುದರೊಳಗೆ ಹೊಯ್ಸಳ ಮೂರನೆಯ ಬಲ್ಲಾಳನ ರಾಣಿ ಚಿಕ್ಕಾಯಿ ತಾಯಿ ಅಲ್ಲಿಂದಲೇ ಆಳಿದ್ದಾಳೆ. ಅವಳು ಆಳುಪರ ಮನೆಯ ಮಗಳೆಂದು ಹೇಳುತ್ತಾರೆ, ಹೊಯ್ಸಳರ ಸೊಸೆಯಂತೂ ಹೌದು. ಅವಳನ್ನು ಮಗಳ ಸಾಲಿಗೆ ಸೇರಿಸಬೇಕೋ ಸೊಸೆಯ ಸಾಲಿಗೋ ಎಂಬುದನ್ನು ಘಟ್ಟದಾಕೆಯವರೂ ನೇತ್ರಾವತಿ ದಡದವರೂ ತಮ್ಮೊಳಗೆ ಇತ್ಯರ್ಥ ಮಾಡಿಕೊಳ್ಳಲಿ.